ಮಗಳ ಬೆನ್ನ ಹಿಂದೆ ಅಂಕೋಲೆಗೆ

ಕಾರವಾರದಿಂದ ಅಂಕೋಲೆಗೆ ನಾನು ಎಷ್ಟು ಸಲ ಹೋಗಿದ್ದೇನೆಂದು ಕೇಳಿದರೆ ಲೆಕ್ಕ ಹೇಳಲಾರೆ. ಅಂಕೋಲೆ ನನ್ನ ತೌರು, ಕಾರವಾರ ಕೊಟ್ಟ ಮನೆ. ನಡುವೆ ಸುಮಾರು 35 ಕಿಲೋಮೀಟರ್. ಬಸ್ಸಿನಲ್ಲಿ ನಿಂತುಕೊಂಡು ಹೋಗಿದ್ದೇನೆ, ಟೆಂಪೋದಲ್ಲಿ ಮೀನಿನ ಬುಟ್ಟಿಗಳ ಪಕ್ಕ ಮುದುಡಿ ಕೂತು ಹೋಗಿದ್ದೇನೆ, ಚೊಚ್ಚಲ ಹೆರಿಗೆಗೆ ಬಾಡಿಗೆ ಕಾರಿನಲ್ಲಿ ಹೋಗಿದ್ದೇನೆ. ಆದರೆ ಡಿಸೆಂಬರಿನ ಒಂದು ಭಾನುವಾರ ಹೋದ ಹಾಗೆ ಎಂದೂ ಹೋದವಳಲ್ಲ. ಅಂದು ನಾನು ಹೋದದ್ದು ರೇಸಿನ ಬೈಕಿನಂಥದೊಂದು ಬೈಕಿನ ಮೇಲೆ, ಇಪ್ಪತ್ತೆರಡು ವರ್ಷದ ಮಗಳ ಬೆನ್ನ ಹಿಂದೆ. ಹುಬ್ಬೇರಿಸಬೇಡಿ. ನಾನೂ ಹುಬ್ಬೇರಿಸಿದವಳೇ.

ಆಗಿದ್ದು ಇಷ್ಟು. ಮಗಳಿಗೆ ಕೆಲಸ ಸಿಕ್ಕಿ ಒಂದು ವರ್ಷವಾಯಿತು. ಸಂಬಳದಲ್ಲಿ ಉಳಿಸಿದ್ದು ಅರ್ಧದಷ್ಟಾಗಿದೆ, ಉಳಿದ ಅರ್ಧ ನಾನು ಹಾಕಬೇಕಂತೆ. ಯಾವುದಕ್ಕೆ ಎಂದರೆ ಬೈಕಿಗೆ. ಸ್ಕೂಟರಿಗಾದರೆ ನಾನು ಎರಡು ಮಾತು ಆಡುತ್ತಿರಲಿಲ್ಲ. ಈಗ ನಮ್ಮ ಓಣಿಯಲ್ಲಿ ಸ್ಕೂಟರ್ ಬಿಡದ ಹೆಣ್ಣುಮಕ್ಕಳೇ ಇಲ್ಲ, ಮೀನು ಮಾರುವ ಬಾಯಿಯೂ ಸ್ಕೂಟರಿನ ಮೇಲೆಯೇ ಬರುತ್ತಾಳೆ. ಇವಳಿಗೆ ಬೇಕಾದದ್ದು ಮುಂದೆ ಬಾಗಿ, ಟ್ಯಾಂಕಿನ ಮೇಲೆ ಎದೆ ಆನಿಸಿ, ಹಕ್ಕಿ ಹಾರುವ ಭಂಗಿಯಲ್ಲಿ ಕೂರುವ ಬೈಕು. ಯಮಹಾದ ಆರ್-15. ರಸ್ತೆಗೆ ಇಳಿಸುವ ಹೊತ್ತಿಗೆ ಎಲ್ಲ ಸೇರಿ ಎರಡು ಲಕ್ಷದ ಆಸುಪಾಸು. ನನ್ನ ಚೀಟಿಯ ದುಡ್ಡು ಅದೇ ತಿಂಗಳು ಕೈಗೆ ಬರುವುದಿತ್ತು. ಅವಳ ಮದುವೆಗೆಂದು ಎರಡೆಳೆ ಸರ ಮಾಡಿಸೋಣವೆಂದು ಐದು ವರ್ಷ ಕಟ್ಟಿದ ಚೀಟಿ ಅದು. ಯಜಮಾನರನ್ನು ಕೇಳಿದರೆ, "ನಿನ್ನ ದುಡ್ಡು, ನಿನ್ನ ಮಗಳು, ನೀನೇ ತೀರ್ಮಾನ ಮಾಡು" ಎಂದು ಪೇಪರ್ ಎತ್ತಿ ಮುಖಕ್ಕೆ ಹಿಡಿದರು. ಗಂಡಸರ ಈ ಉಪಾಯ ನಿಮಗೂ ಗೊತ್ತಿದ್ದದ್ದೇ.

ಈ ರಸ್ತೆಯ ಮೇಲೆ ನನಗಿರುವ ಹೆದರಿಕೆಗೆ ಕಾರಣವಿಲ್ಲದೆ ಇಲ್ಲ. 2024ರ ಜುಲೈ 16ರಂದು ಅಂಕೋಲೆಯಿಂದ ಆಚೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದು, ಚಹಾದಂಗಡಿಯಲ್ಲಿ ಇದ್ದವರು, ದಾರಿಹೋಕರು ಮಣ್ಣಿನ ಸಂಗಡ ಗಂಗಾವಳಿ ಹೊಳೆಗೆ ಹೋದರು. ಮೂರು ವಾರ ಕಳೆಯಿತೋ ಇಲ್ಲವೋ, ಆಗಸ್ಟ್ 7ರ ನಡುರಾತ್ರಿ ಇತ್ತ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಜೀವಂತ ಎತ್ತಿದ್ದೇ ದೇವರ ದಯೆ. ಅತ್ತ ಗುಡ್ಡ, ಇತ್ತ ಸೇತುವೆ, ನಡುವೆ ನನ್ನ ಮಗಳು ಎರಡು ಗಾಲಿಯ ಮೇಲೆ! ನೀವಾದರೆ ನಿದ್ದೆ ಮಾಡುತ್ತಿದ್ದಿರಾ?

"ಆಯಿ, ನೀ ಒಂದ್ಸಲ ಹಿಂದೆ ಕೂತು ನೋಡು. ಅಂಕೋಲಿಗೆ ಹೋಗಿ ಬರುವಾ. ಆಮೇಲೆ ಬ್ಯಾಡ ಅಂದ್ರೆ ನಾ ಮತ್ತೆ ಕೇಳೂದಿಲ್ಲ" ಎಂದಳು. ನಮ್ಮ ಭಾವನ ಮಗನ ಹತ್ತಿರ ಅದೇ ಬೈಕು ಇದೆ. ಒಂದು ಭಾನುವಾರಕ್ಕೆ ಕೇಳಿ ತಂದಳು. ಅವಳ ಮಾತಿಗೆ ನಾನು ಸಿಕ್ಕಿಹಾಕಿಕೊಂಡೆ.

ಹೊರಡುವ ಮೊದಲು ಈ ಗಾಡಿಯ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ನಾಳೆ ನಿಮ್ಮ ಮಕ್ಕಳೂ ಕೇಳಿಯಾರು. ಎಸ್.ಎಸ್.ಎಲ್.ಸಿ. ಓದಿದ ನನಗೆ ಇದೆಲ್ಲ ಹೇಗೆ ಗೊತ್ತು ಎನ್ನಬೇಡಿ. ಎರಡು ತಿಂಗಳು ಊಟಕ್ಕೆ ಕೂತಾಗಲೆಲ್ಲ ಅನ್ನದ ಸಂಗಡ ಇದನ್ನೇ ಬಡಿಸಿಕೊಂಡಿದ್ದೇನೆ.

ಸಾಮಾನ್ಯ ಬೈಕಿನಲ್ಲಿ ಇಂಜಿನ್, ಪೈಪು, ವೈರುಗಳೆಲ್ಲ ಹೊರಗೇ ಕಾಣುತ್ತವಲ್ಲ, ಇದರಲ್ಲಿ ಮೂತಿಯಿಂದ ಹೊಟ್ಟೆಯ ಅಡಿಯವರೆಗೆ ಪ್ಲಾಸ್ಟಿಕ್ಕಿನ ಹೊದಿಕೆ. ಇದಕ್ಕೆ ಫೇರಿಂಗ್ ಎನ್ನುತ್ತಾರೆ. ಬರಿಯ ಅಂದಕ್ಕಲ್ಲ, ಗಾಳಿ ಸೀಳಲಿಕ್ಕೆ. ನಮ್ಮ ಬೈತಖೋಲ ಬಂದರದಲ್ಲಿ ನಿಂತು ದೋಣಿಗಳನ್ನು ನೋಡಿದ್ದರೆ ತಕ್ಷಣ ತಿಳಿಯುತ್ತದೆ. ದೋಣಿಯ ಮೂತಿ ಚೂಪಾಗಿದ್ದರೆ ನೀರು ಎರಡೂ ಕಡೆ ಸರಿದು ದಾರಿ ಬಿಡುತ್ತದೆ. ಮೂತಿ ಮೊಂಡಾಗಿದ್ದರೆ ನೀರಿನ ಸಂಗಡ ಗುದ್ದಾಟವೇ. ಗಾಳಿಯೂ ಹಾಗೆಯೇ. ಅರವತ್ತು-ಎಪ್ಪತ್ತರ ವೇಗದಲ್ಲಿ ಎದೆಗೆ ಬಡಿಯುವ ಗಾಳಿಯನ್ನು ಈ ಹೊದಿಕೆ ಸವಾರನ ಹೆಗಲ ಮೇಲಿಂದ ದಾಟಿಸುತ್ತದೆ. ಅದಕ್ಕೇ ಸವಾರ ಬಾಗಿ ಕೂರುವುದು. ನೆಟ್ಟಗೆ ಕೂತರೆ ಹೊದಿಕೆಯ ಲಾಭ ಅಷ್ಟಕ್ಕಷ್ಟೇ.

ಹಿಂದೆ ರೇಸುಗಳಲ್ಲಿ ಮುಂದಿನ ಗಾಲಿಯನ್ನೂ ಸೇರಿಸಿ ಪೂರಾ ಮುಚ್ಚುವ ಹೊದಿಕೆ ಹಾಕುತ್ತಿದ್ದರಂತೆ. ಅಡ್ಡಗಾಳಿ ಬೀಸಿದರೆ ಅದು ಹಾಯಿಯ ಹಾಗೆ ಗಾಳಿ ಹಿಡಿದು ಗಾಡಿಯನ್ನೇ ಎಳೆಯುತ್ತಿತ್ತು. ಹಾಗಾಗಿ 1957ರ ಕೊನೆಗೆ ಅಂತಾರಾಷ್ಟ್ರೀಯ ರೇಸುಗಳಲ್ಲಿ ಅದನ್ನು ನಿಷೇಧಿಸಿದರು. ಅಂದಿನಿಂದ ಗಾಲಿ ಬಿಟ್ಟು ಉಳಿದದ್ದನ್ನು ಮುಚ್ಚುವ ಕ್ರಮ. ನಮ್ಮ ದೇಶದಲ್ಲಿ ಮಧ್ಯಮವರ್ಗದ ಹುಡುಗರ ಕೈಗೆ ಎಟುಕುವ ಹಾಗೆ ಪೂರ್ತಿ ಹೊದಿಕೆಯ ಗಾಡಿ ಬಂದದ್ದು 2008ರಲ್ಲಿ, ಈ ಆರ್-15 ಬಂದಾಗ. ಆಮೇಲೆ ಬೇರೆ ಕಂಪನಿಗಳೂ ತಂದವು. ಹೊಸೂರಿನ ಟಿವಿಎಸ್‌ನವರು 2017ರ ಡಿಸೆಂಬರಿನಲ್ಲಿ ಅಪಾಚೆ ಆರ್‌ಆರ್ 310 ತಂದರು. ಅದು ಇಂಜಿನ್ನಿನಲ್ಲಿ ಇದರ ಎರಡರಷ್ಟು, ಹೊಸಬರಿಗೆ ಎರಡನೇ ಮೆಟ್ಟಿಲು ಎನ್ನಬಹುದು.

ನನಗೆ ಆಶ್ಚರ್ಯವಾದದ್ದು ಬೇರೆ. ನಮ್ಮ ಅಪ್ಪನ ಹತ್ತಿರ ಯೆಜ್ಡಿ ಇತ್ತು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಅದರ ಇಂಜಿನ್ 250 ಸಿಸಿ. ಅದರ ಮೇಲೆ ಅವ್ವ ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ, ಮಡಿಲಲ್ಲಿ ನನ್ನನ್ನೂ ಕೂರಿಸಿಕೊಂಡು ಗೋಕರ್ಣಕ್ಕೆ ಹೋಗಿಬಂದದ್ದಿದೆ. ಈ ರಾಕ್ಷಸನ ಹಾಗೆ ಕಾಣುವ ಗಾಡಿಯ ಇಂಜಿನ್ ಬರೀ 155 ಸಿಸಿ! ಮೂತಿ ನೋಡಿದರೆ ಹುಲಿ, ಹೊಟ್ಟೆ ನೋಡಿದರೆ ಬೆಕ್ಕು. ಹಾಗಂತ ಬೆಕ್ಕನ್ನು ಹಗುರವಾಗಿ ಕಾಣಬಾರದು. ಇಂಜಿನ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗಿದಾಗ ಇದರ ಶಕ್ತಿ 18.4 ಅಶ್ವಶಕ್ತಿ. ಆದರೆ ಅಷ್ಟು ತಿರುಗಿಸಿದರೆ ಮಾತ್ರ. ಕೆಳಗಿನ ಸುತ್ತಿನಲ್ಲಿ ಸಾಧು. 7400 ಸುತ್ತು ದಾಟಿದ ಮೇಲೆ ಒಳಗೆ ವಾಲ್ವು ತೆರೆಯುವ ರೀತಿಯೇ ಬದಲಾಗಿ ಜೋರಾಗುತ್ತದೆ. ಹೊಸದಾಗಿ ಕಲಿಯುವವರಿಗೆ ಇದೇ ಅನುಕೂಲ. ಕೈ ತಿರುವಿದ ಕೂಡಲೇ ಹಾರುವುದಿಲ್ಲ, ಹಾರಲೇಬೇಕೆಂದು ಹಟ ಹಿಡಿದವರಿಗೆ ಮಾತ್ರ ಹಾರುತ್ತದೆ. "ಏಳು ಸಾವಿರ ದಾಟೂದಿಲ್ಲ ಆಯಿ" ಎಂದು ನನ್ನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು.

ಬೆಳಿಗ್ಗೆ ಏಳಕ್ಕೆ ಹೊರಟೆವು. ನಾನು ಸೀರೆ ಉಡಲಿಲ್ಲ. ಮಗಳು ಕಟ್ಟುನಿಟ್ಟಾಗಿ ಹೇಳಿದ್ದಳು: ಚೂಡಿದಾರ, ದುಪಟ್ಟಾ ಬೇಡ, ಎರಡೂ ಬದಿಗೆ ಕಾಲು, ಬೂಟು. ದುಪಟ್ಟಾ ಇಲ್ಲದೆ ಓಣಿ ದಾಟುವಾಗ ಎದುರುಮನೆಯ ವೈನಿ ಬಾಗಿಲಿಗೆ ಬಂದು ನಿಂತರು. ನಾನು ಹೆಲ್ಮೆಟ್ಟಿನೊಳಗೆ ಇದ್ದೆನಲ್ಲ, ನಾಚಿಕೆ ಹೊರಗೆ ಕಾಣಲಿಲ್ಲ. ಅದೊಂದು ಲಾಭ. ಹಿಂದೆ ಕೂರುವವರಿಗೂ ಹೆಲ್ಮೆಟ್ಟು ನಮ್ಮ ರಾಜ್ಯದಲ್ಲಿ 2016ರಿಂದ ಕಡ್ಡಾಯ. ಪೇಟೆಗೆ ಹೋಗುವಾಗ ಕೊರಳಪಟ್ಟಿ ಕಟ್ಟದೆ ಟೋಪಿಯ ಹಾಗೆ ಇಟ್ಟುಕೊಳ್ಳುವ ನನ್ನ ಅಭ್ಯಾಸಕ್ಕೆ ಅಂದು ಮಗಳಿಂದ ಬೈಸಿಕೊಂಡೆ.

ಹಿಂದಿನ ಸೀಟು ಎನ್ನುತ್ತಾರಲ್ಲ, ಅದು ಸೀಟಲ್ಲ. ಮಣೆ. ಅದೂ ದೇವರ ಮುಂದೆ ಇಡುವ ಸಣ್ಣ ಮಣೆ! ಮುಂದಿನವಳಿಗಿಂತ ಒಂದು ಗೇಣು ಎತ್ತರದಲ್ಲಿ, ಗದ್ದೆಯಲ್ಲಿ ಕಾವಲಿಗೆ ಕೂತ ಹಾಗೆ ನಾನು. ಈ ಜಾತಿಯ ಗಾಡಿಗಳೆಲ್ಲ ಹೀಗೆಯೇ, ಇವುಗಳನ್ನು ಮಾಡಿದ್ದು ಒಬ್ಬರಿಗೆ. ಇನ್ನೊಬ್ಬರಿಗೆ ಜಾಗ ಕೊಟ್ಟದ್ದು ದಾಕ್ಷಿಣ್ಯಕ್ಕೆ. ಸವಾರಳ ಸೀಟು ನೆಲದಿಂದ 815 ಮಿಲಿಮೀಟರ್ ಎತ್ತರ. ಮಗಳು ಐದಡಿ ಮೂರಿಂಚು, ನಿಂತಾಗ ಎರಡೂ ಪಾದದ ಮುಂಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ಸುಮಾರು 140 ಕಿಲೋ ಗಾಡಿ, ಮೇಲೆ ನಾನು. ನನ್ನ ತೂಕ ಇಲ್ಲಿ ಬರೆಯುವುದಿಲ್ಲ.

ಕೋಡಿಬಾಗದಿಂದ ಪೇಟೆಯ ಕಡೆ ಬರುವಾಗಲೇ ಒಂದು ಮಾತು ತಿಳಿಯಿತು. ಊರೊಳಗೆ ಈ ಗಾಡಿ ಅಷ್ಟು ಹಿತವಲ್ಲ. ಹ್ಯಾಂಡಲ್ ತಗ್ಗಿನಲ್ಲಿದೆ, ಸ್ವಲ್ಪವೇ ತಿರುಗುತ್ತದೆ. ಇಕ್ಕಟ್ಟಿನಲ್ಲಿ ಹಿಂದಿರುಗಿಸಬೇಕಾದರೆ ಎರಡು ಮೂರು ಸಲ ಹಿಂದೆ ಮುಂದೆ ಮಾಡಬೇಕು. ಲೈಸೆನ್ಸಿನ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಬೇಕಲ್ಲ, ಅದಕ್ಕೆ ಇವಳು ಗೆಳತಿಯ ಅಪ್ಪನ ಸಾದಾ ಬೈಕು ಒಯ್ದಿದ್ದಳು. ನನಗೆ ಇದು ಒಪ್ಪಿಗೆಯಾಯಿತು. ಮೊದಲು ಸಾದಾ ಗಾಡಿಯಲ್ಲಿ ಕ್ಲಚ್ಚು, ಗೇರು ಕೈವಶ ಮಾಡಿಕೊಂಡು ಆಮೇಲೆ ಇದಕ್ಕೆ ಬರುವುದು ಸರಿಯಾದ ದಾರಿ. ದೋಸೆ ಹುಯ್ಯಲು ಬಾರದವಳು ತೆಳ್ಳೇವಿಗೆ ಕೈ ಹಾಕಬಾರದು.

ಕಡಲತೀರದ ಹತ್ತಿರ ಒಂದು ನಿಮಿಷ ನಿಲ್ಲಿಸಿದಳು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು ಉಳಿದಿದ್ದ ರವೀಂದ್ರನಾಥ ಠಾಕೂರರ ಹೆಸರೇ ಈ ತೀರಕ್ಕೆ. ತಮ್ಮ ಒಂದು ನಾಟಕವನ್ನು ಅವರು ಬರೆದದ್ದೂ ಇಲ್ಲಿದ್ದಾಗಲೇ. ಈಗ ಮರಳಿನ ಮೇಲೆ ಚಾಪಲ್ ಎಂಬ ಹಳೇ ಯುದ್ಧನೌಕೆ ವಸ್ತುಸಂಗ್ರಹಾಲಯವಾಗಿ ಕೂತಿದೆ. ನೀವು ಬಂದರೆ ಮಕ್ಕಳನ್ನು ಅದರೊಳಗೆ ಕರೆದುಕೊಂಡು ಹೋಗಿ, ಖುಷಿಪಡುತ್ತಾರೆ. ನಾವು ಇಳಿಯಲಿಲ್ಲ. ಮಗಳು ನನಗೆ ಪಾಠ ಹೇಳಲು ನಿಲ್ಲಿಸಿದ್ದು. "ಆಯಿ, ನಾ ಬ್ರೇಕ್ ಹಾಕ್ದಾಗ ನಿನ್ನ ಭಾರ ಎಲ್ಲಾ ನನ್ನ ಬೆನ್ನಿಗೆ ಬತ್ತದೆ. ನನ್ನ ಸೊಂಟದ ಆಚೀಚೆಯಿಂದ ಕೈ ಹಾಕಿ ಟ್ಯಾಂಕಿಗೆ ಊರ್ಕೋ. ತಿರುವಿನಲ್ಲಿ ನಾ ಎತ್ತ ಬಾಗ್ತೇನೋ ನೀನೂ ಅತ್ತಲೇ. ಹೆದರಿ ಆಚೆ ಬಾಗ್ಬೇಡ." ಹುಟ್ಟಿದಾಗಿನಿಂದ ನಾನು ಅವಳಿಗೆ ಹೀಗೆ ಹಿಡಿದುಕೋ, ಹಾಗೆ ಕೂತುಕೋ ಎಂದವಳು. ಹೂಂ ಎಂದೆ.

ಊರು ದಾಟಿದ ಮೇಲೆ ಹೆದ್ದಾರಿ, ಮೊದಲು 17 ಎನ್ನುತ್ತಿದ್ದ ಈಗಿನ 66. ನಾಲ್ಕು ಸಾಲಿನ ರಸ್ತೆ ಬಿಣಗಾಕ್ಕೆ ಹೋಗುವುದು ಗುಡ್ಡ ಕೊರೆದ ಸುರಂಗದಲ್ಲಿ. ಮೊದಲು ಸಮುದ್ರದ ಮೇಲಿನ ಏರುದಾರಿಯಲ್ಲಿ ಬಸ್ಸು ಏದುಸಿರು ಬಿಡುತ್ತ ತಿರುಗಿ ತಿರುಗಿ ಹೋಗುತ್ತಿತ್ತು, ನನಗೆ ಪ್ರತಿಸಲವೂ ವಾಂತಿ. ಈಗ ಒಂದು ಹಾಡು ಮುಗಿಯುವ ಮೊದಲೇ ಆಚೆ. ಆದರೆ ಬೈಕಿನಲ್ಲಿ ಹೋಗುವವರು ಸುರಂಗದ ಬಾಯಲ್ಲಿ ವೇಗ ಇಳಿಸಬೇಕು. ಬಿಸಿಲಿನಿಂದ ಒಳಗೆ ನುಗ್ಗಿದೊಡನೆ ಒಂದು ಕ್ಷಣ ಕಣ್ಣು ಕುರುಡಾಗುತ್ತದೆ, ಹೊರಗೆ ಬರುವಾಗ ಮತ್ತೆ ಅದೇ. ಒಳಗೆ ನಮ್ಮ ಗಾಡಿಯ ಸದ್ದು ಗೋಡೆಗೆ ಬಡಿದು ಹಿಂದಿನಿಂದ ಹತ್ತು ಗಾಡಿ ಅಟ್ಟಿಸಿಕೊಂಡು ಬಂದ ಹಾಗೆ ಕೇಳಿತು. ನಾನು ಕಣ್ಣು ಮುಚ್ಚಿ ನಮ್ಮ ಕುಲದೇವರನ್ನು ನೆನೆದೆ.

ಅರ್ಗಾದಿಂದ ಮುಂದೆ ಬಲಗಡೆ ನೌಕಾನೆಲೆಯ ಉದ್ದನೆಯ ಗೋಡೆ. 1986ರಲ್ಲಿ ಅಡಿಗಲ್ಲು ಹಾಕಿ 2005ರಲ್ಲಿ ಐಎನ್‌ಎಸ್ ಕದಂಬ ಎಂದು ಸೇವೆಗೆ ಸೇರಿಸಿದ್ದು. ಇದಕ್ಕಾಗಿ ಮನೆ, ಗದ್ದೆ, ತೆಂಗಿನತೋಟ ಬಿಟ್ಟುಕೊಟ್ಟವರ ಕಾಲೊನಿಗಳು ತೋಡೂರು, ಮುದಗಾಗಳ ಕಡೆ ಕಾಣುತ್ತವೆ. ನನ್ನ ಬಾಲ್ಯದಲ್ಲಿ ಬಸ್ಸಿನ ಬಲಕಿಟಕಿಯಿಂದ ಇಲ್ಲೆಲ್ಲ ಕಡಲು ಕಾಣುತ್ತಿತ್ತು. ಈಗ ಗೋಡೆ ಕಾಣುತ್ತದೆ. ಇಲ್ಲಿ ಫೋಟೋ ತೆಗೆಯಬಾರದು, ಮೊದಲ ಸಲ ಬರುವವರು ನೆನಪಿಡಿ. ಅಮದಳ್ಳಿಯ ವೀರಗಣಪತಿಗೆ ಕೈಮುಗಿಯಬೇಕೆಂದರೆ ಟ್ಯಾಂಕಿನಿಂದ ಕೈ ತೆಗೆಯಬೇಕಲ್ಲ! ಮನಸ್ಸಿನಲ್ಲೇ ಮುಗಿದೆ.

ಅರವತ್ತರ ವೇಗದಲ್ಲಿ ಹೋಗುತ್ತಿದ್ದೆವು. ಎದುರು ತೋರಿಸುವ ಸುತ್ತಿನ ಪಟ್ಟಿ ಅರ್ಧಕ್ಕೂ ಏರಲಿಲ್ಲ. ನಿಜ ಹೇಳಬೇಕೆಂದರೆ ಹಾಯೆನಿಸಿತು. ಮಗಳು ಬಾಗಿ ಕೂತಿದ್ದರಿಂದ ಗಾಳಿ ನನ್ನ ಮುಖಕ್ಕೇ ಬಡಿಯುತ್ತಿತ್ತು. ಹೊದಿಕೆಯ ಪುಣ್ಯ ಮುಂದಿನವರಿಗೆ, ಗಾಳಿ ಹಿಂದಿನವರಿಗೆ. ಆದರೂ ಗದ್ದೆಯ ಹುಲ್ಲಿನ ವಾಸನೆ, ಒಣಮೀನಿನ ವಾಸನೆ, ಯಾರದೋ ಮನೆಯ ಬೆಳಗಿನ ಒಲೆಯ ಹೊಗೆ, ಒಂದಾದ ಮೇಲೊಂದು ಮೂಗಿಗೆ ಬಂದು ಹೋಗುತ್ತಿದ್ದವು. ಬಸ್ಸಿನಲ್ಲಿ ಈ ದಾರಿಗೆ ಡೀಸೆಲ್ ವಾಸನೆಯೊಂದೇ.

ಹಾರವಾಡದ ಹತ್ತಿರ ಆದದ್ದನ್ನು ಬಿಟ್ಟು ಬರೆದರೆ ಸುಳ್ಳು ಬರೆದ ಹಾಗೆ. ರಸ್ತೆಯ ನಡುವಿನ ಪಟ್ಟಿಯಲ್ಲಿ ಹುಲ್ಲು ಮೇಯುತ್ತಿದ್ದ ಒಂದು ಆಕಳು ಇದ್ದಕ್ಕಿದ್ದ ಹಾಗೆ ನಮ್ಮ ಮುಂದೆ ಇಳಿಯಿತು. ಅದರ ಹಿಂದೆ ಕರು. ಮಗಳು ಬ್ರೇಕ್ ಒತ್ತಿದಳು. ನನ್ನ ಕೈ, ಊರಿಕೋ ಎಂದಿದ್ದ ಜಾಗದಲ್ಲಿ ಇರಲಿಲ್ಲ. ಸೆರಗು ಸರಿಪಡಿಸುವ ಹಳೇ ಚಟ, ಇಲ್ಲದ ಸೆರಗಿಗೆ ಒಂದು ಕೈ ಹೋಗಿತ್ತು. ಇಡೀ ಮೈ ಜಾರಿ ಅವಳ ಬೆನ್ನಿಗೆ ಅಪ್ಪಳಿಸಿದೆ. ನನ್ನ ಹೆಲ್ಮೆಟ್ಟು ಅವಳ ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯಿತು. ಅವಳು ಮುಂದೆ ಮುಗ್ಗರಿಸಿದಳು, ಹ್ಯಾಂಡಲ್ ಒಮ್ಮೆ ನಡುಗಿತು, ಗಾಡಿ ಕಿಟಿಕಿಟಿ ಅಂದಿತು. ಆದರೆ ಜಾರಲಿಲ್ಲ, ಸೊಟ್ಟ ಹೋಗಲಿಲ್ಲ. ನೆಟ್ಟಗೆ ನಿಂತಿತು. ಕರು ನಮ್ಮ ಮುಂದಿನ ಗಾಲಿಯಿಂದ ಎರಡು ಮಾರು ದೂರದಲ್ಲಿ ನಿಂತು ನಮ್ಮನ್ನು ನೋಡಿ ಬಾಲ ಎತ್ತಿ ಓಡಿತು.

ಆ ಕಿಟಿಕಿಟಿ ಎಂದರೆ ಎಬಿಎಸ್ ಎಂದು ಆಮೇಲೆ ತಿಳಿದೆ. ಜೋರಾಗಿ ಬ್ರೇಕ್ ಒತ್ತಿದರೆ ಗಾಲಿ ತಿರುಗುವುದನ್ನೇ ನಿಲ್ಲಿಸಿ ಜಾರುತ್ತದಲ್ಲ, ಹಾಗಾಗದಂತೆ ಬ್ರೇಕನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿದು ಮಾಡುವ ಏರ್ಪಾಡು. 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ 2019ರ ಏಪ್ರಿಲಿನಿಂದ ಇದು ಕಡ್ಡಾಯ. ಈ ಗಾಡಿಯಲ್ಲಿ ಎರಡೂ ಗಾಲಿಗಿದೆ. ಹಾಗೆಯೇ ಗಾಬರಿಯಲ್ಲಿ ಗೇರನ್ನು ದಡದಡ ಇಳಿಸಿದರೆ ಹಿಂದಿನ ಗಾಲಿ ಹಿಡಿದುಕೊಂಡು ಕುಣಿಯುವುದನ್ನು ತಪ್ಪಿಸಲು ಕ್ಲಚ್ಚಿನಲ್ಲೂ ಒಂದು ಜಾರುವ ವ್ಯವಸ್ಥೆಯಿದೆ. ಅಪ್ಪನ ಯೆಜ್ಡಿಯಲ್ಲಿ ಇವೆರಡೂ ಇರಲಿಲ್ಲ. ಅದರಲ್ಲಾದರೆ ನಾವು ಅಂದು ಕರುವಿನ ಸಂಗಡ ಹೆದ್ದಾರಿಯಲ್ಲಿ ಮಲಗುತ್ತಿದ್ದೆವು.

ಅವರ್ಸಾದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಬಿಸಿ ಬನ್ಸ್ ತಂದಿಟ್ಟರು. ಮಗಳು ಲೋಟ ಎತ್ತಿದಳು, ಚಹಾ ತುಳುಕಿ ತಟ್ಟೆಗೆ ಬಿತ್ತು. ಆಗ ನೋಡಿದೆ, ಅವಳ ಕೈ ನಡುಗುತ್ತಿತ್ತು. ಮಣಿಕಟ್ಟು ಕೆಂಪಗಾಗಿತ್ತು. ತಗ್ಗಿನ ಹ್ಯಾಂಡಲಿನ ಮೇಲೆ ತನ್ನ ಭಾರದ ಸಂಗಡ ನನ್ನ ಭಾರವನ್ನೂ ಆ ಎರಡು ಮಣಿಕಟ್ಟಿನಲ್ಲಿ ತಡೆದಿದ್ದಳು. ತೊಡೆಯಿಂದ ಟ್ಯಾಂಕನ್ನು ಒತ್ತಿ ಹಿಡಿಯಬೇಕು, ಕೈಮೇಲೆ ಭಾರ ಹಾಕಬಾರದು ಎಂದು ಕಲಿಸಿದ್ದರಂತೆ. ಅವಳೊಬ್ಬಳೇ ಇದ್ದಿದ್ದರೆ ಅದು ಸಾಗುತ್ತಿತ್ತು. ನನ್ನಂಥವಳು ಹಿಂದಿನಿಂದ ಬಂದು ಬಿದ್ದರೆ ಹೇಗೆ ಸಾಗೀತು?

"ನೀ ಹೆದರಿದ್ಯಾ?" ಎಂದು ಕೇಳಿದೆ.

"ಹೌದು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನೀನಿದ್ಯಲೇ ಹಿಂದೆ, ಅದಕ್ಕೇ ಹೆದರಿಕೆ ಆಯ್ತು. ಒಬ್ಬಳೇ ಆದ್ರೆ ಇಷ್ಟಾಗೂದಿಲ್ಲ" ಎಂದಳು.

ನನಗೆ ಹೆದರಿಕೆ ಅವಳ ಬಗ್ಗೆ, ಅವಳಿಗೆ ಹೆದರಿಕೆ ನನ್ನ ಬಗ್ಗೆ. ಇಬ್ಬರೂ ಬನ್ಸ್ ಮುರಿದು ತಿಂದೆವು. ಅಲ್ಲಿಂದ ಬಸ್ಸು ಹಿಡಿಯುವ ಮನಸ್ಸು ನನಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಬಸ್ಸು ಹತ್ತಿದರೆ ಅವಳ ಕೈ ಇನ್ನಷ್ಟು ನಡುಗೀತು ಎಂದು ತೋರಿತು. ಎದ್ದು ಹೆಲ್ಮೆಟ್ಟು ಹಾಕಿಕೊಂಡು ಕೊರಳಪಟ್ಟಿಯನ್ನು ನಾನೇ ಬಿಗಿದೆ. ಹಟ್ಟಿಕೇರಿಯ ಟೋಲ್ ಹತ್ತಿರ ಕಾರುಗಳೆಲ್ಲ ನಿಂತಿದ್ದವು. ಬೈಕಿಗೆ ಟೋಲ್ ಇಲ್ಲ, ಬದಿಯ ಸಣ್ಣ ದಾರಿಯಲ್ಲಿ ಹಾದುಹೋದೆವು. ಮುಂದೆ ಅಂಕೋಲೆಯವರೆಗೆ ಎರಡೂ ಕೈ ಟ್ಯಾಂಕಿನ ಮೇಲೆಯೇ ಇದ್ದವು, ಸೆರಗಿನ ನೆನಪೇ ಬರಲಿಲ್ಲ.

ಅಂಕೋಲೆಯ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಕೊರಳ ತುಂಬ ಮಣಿಸರ ಹಾಕಿಕೊಂಡು ಹರಿವೆ, ಬಸಳೆ ಹರವಿ ಕೂತಿದ್ದರು. ನಾವು ಸೊಪ್ಪು ಕೊಳ್ಳಲು ಗಾಡಿ ನಿಲ್ಲಿಸಿದಾಗ ಮಗಳು ಹೆಲ್ಮೆಟ್ಟು ತೆಗೆದಳು, ಜಡೆ ಇಳಿಯಿತು. "ಅಯ್ಯೋ, ಹೆಣ್ಣ್ ಹುಡ್ಗಿಯೇ!" ಎಂದು ಒಬ್ಬಾಕೆ ನಕ್ಕು ಬಸಳೆಯ ಕಟ್ಟಿಗೆ ಇನ್ನೊಂದು ಕುಡಿ ಸೇರಿಸಿ ಕೊಟ್ಟಳು. ಈ ಊರಿನ ಜನಕ್ಕೆ ಎದೆಗಾರಿಕೆ ಹೊಸದಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಉಪ್ಪಿನ ಕಾಯ್ದೆ ಮುರಿದ ಊರಿದು. ಕರ್ನಾಟಕದ ಬಾರ್ಡೋಲಿ ಎಂದು ಹೆಸರಾಯಿತು. ಮೇ ತಿಂಗಳಲ್ಲಿ ಬಂದರೆ ಬಂಡಿಹಬ್ಬ ನೋಡಬಹುದು, ಕರಿ ಇಶಾಡ ಮಾವಿನಹಣ್ಣು ತಿನ್ನಬಹುದು. ಅದರ ರುಚಿ ಬರೆಯಲು ಹೋದರೆ ಬೈಕಿನ ಕಥೆ ಅಲ್ಲೇ ನಿಲ್ಲುತ್ತದೆ.

ಅವ್ವ ಅಂಗಳದಲ್ಲಿ ಕಾಯುತ್ತಿದ್ದಳು. ಎಪ್ಪತ್ತು ದಾಟಿದೆ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದೆಂತಾ ಮೂತಿಯೇ, ಕೊಕ್ಕರೆ ಮೀನಿಗೆ ಬಗ್ಗಿದ ಹಂಗೆ" ಎಂದಳು. ಆಮೇಲೆ ಹಿಂದಿನ ಗಾಲಿಯ ಹತ್ತಿರ ಬಗ್ಗಿ, ಬದಿಗೆ ಸಿಕ್ಕಿಸಿದ್ದ ಜಾಲರಿಯನ್ನು ಮುಟ್ಟಿ ನೋಡಿದಳು. ಸೀರೆ ಗಾರ್ಡ್. ನಿಮಗೆ ಗೊತ್ತೇ, ಇದು ಕಂಪನಿಯವರ ಉಪಕಾರವಲ್ಲ, ಕಾಯ್ದೆಯೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ: ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಗಾಲಿಗೆ ಸಿಕ್ಕದಂತೆ ಹಿಂದಿನ ಗಾಲಿಯ ಅರ್ಧಕ್ಕಾದರೂ ಮರೆ ಇರಬೇಕು. ನೂರಾರು ಮೈಲಿ ವೇಗದ ಕನಸಿನ ಗಾಡಿಯಲ್ಲೂ ನಮ್ಮ ಸೀರೆಗೊಂದು ಜಾಗ ಇದೆ ನೋಡಿ. ಅವ್ವನಿಗೆ ಇದರ ಬೆಲೆ ಗೊತ್ತು. ಒಂದು ಸಲ ಅಪ್ಪನ ಗಾಡಿಯಲ್ಲಿ ಅವಳ ಸೆರಗು ಚೈನಿಗೆ ಸಿಕ್ಕಿ ಬೇಲೇಕೇರಿ ದಾರಿಯಲ್ಲಿ ಬಿದ್ದು ಮೊಣಕೈ ಮುರಿದಿತ್ತು. ಆ ಕೈ ಇಂದಿಗೂ ಪೂರ್ತಿ ನೇರವಾಗುವುದಿಲ್ಲ. "ನಾ ಬಿದ್ದೆ ಅಂತ ನಿಮ್ಮಪ್ಪ ಗಾಡಿ ಮಾರೂಕೆ ಹೊಂಟಿದ್ದ. ನಾನೇ ಬ್ಯಾಡ ಅಂದೆ. ಗಾಡಿ ಇಲ್ದಿದ್ರೆ ನನ್ನ ತೌರಿಗೆ ಯಾರು ಕರ್ಕಂಡು ಹೋಗ್ತಿದ್ರು?" ಎಂದಳು. ಇಷ್ಟು ವರ್ಷದಲ್ಲಿ ಈ ಮಾತು ನನಗೆ ಹೇಳಿರಲೇ ಇಲ್ಲ.

ಮಧ್ಯಾಹ್ನ ಬಂಗಡೆ ಸಾರು, ಬಸಳೆ ಹುಳಿ, ಅನ್ನ. ಉಂಡು ಮಗಳು ನಿದ್ದೆ ಹೋದಳು. ನಾನು ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡೆ.

ಸಂಜೆ ವಾಪಸು ಬರುವಾಗ ನಾನು ಬಸ್ಸಿನಲ್ಲಿ ಬರುತ್ತೇನೆಂದೆ. ಹೆದರಿ ಅಲ್ಲ, ಅವಳ ಮಣಿಕಟ್ಟು ನೋಡಿದ ಮೇಲೆ. ಮಗಳು ವಾದ ಮಾಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬಿಟ್ಟಳು. 2023ರ ಜೂನಿನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾದಾ ಬಸ್ಸಿನಲ್ಲಿ ದುಡ್ಡು ಕೊಡಬೇಕಿಲ್ಲವಲ್ಲ. ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟು ತೆಗೆದುಕೊಂಡು ಬಲಗಡೆಯ ಕಿಟಕಿಯ ಪಕ್ಕ ಕೂತೆ. ಬಸ್ಸು ಅವರ್ಸಾದಲ್ಲಿ ನಿಂತಿತು, ಹಾರವಾಡದ ಕ್ರಾಸಿನಲ್ಲಿ ನಿಂತಿತು, ಕೈ ಎತ್ತಿದಲ್ಲೆಲ್ಲ ನಿಂತಿತು. ಮಗಳು ಮುಂದೆ ಹೋಗಿರುತ್ತಾಳೆ ಎಂದುಕೊಂಡಿದ್ದೆ. ಅಮದಳ್ಳಿ ದಾಟಿದ ಮೇಲೆ ಹಿಂದಿನಿಂದ ಸಣ್ಣ ಸದ್ದು. ಎಲ್ಲೋ ನಿಂತು ನಮ್ಮ ಬಸ್ಸು ಬರುವುದನ್ನು ಕಾದಿದ್ದಳು ಎಂದು ತೋರುತ್ತದೆ. ನನ್ನ ಕಿಟಕಿಯ ಪಕ್ಕದಲ್ಲೇ ಹಾದಳು. ಬೆಳಿಗ್ಗೆ ನಾನು ಹಿಂದೆ ಇದ್ದಾಗ ಗೂಡುಗಟ್ಟಿದ ಹಾಗಿದ್ದ ಬೆನ್ನು ಈಗ ಸಡಿಲವಾಗಿತ್ತು. ಮೊಣಕೈ ಸ್ವಲ್ಪ ಬಾಗಿಸಿ, ಟ್ಯಾಂಕಿಗೆ ತೊಡೆ ಒತ್ತಿ, ಮುಂದಿನ ತಿರುವಿಗೆ ಗಾಡಿಯನ್ನೂ ಮೈಯನ್ನೂ ಒಂದೇ ಮಾಡಿ ಬಾಗಿಸಿದಳು. ಜೋರೇನೂ ಇರಲಿಲ್ಲ. ಬೈತಖೋಲದಲ್ಲಿ ದೋಣಿ ಬಂದರದೊಳಗೆ ತಿರುಗುವಾಗ ಹೀಗೆಯೇ ಬಾಗುತ್ತದೆ. ಪಕ್ಕದ ಸೀಟಿನ ಅಜ್ಜ, "ಈಗಿನ ಹುಡುಗರು ಹ್ಯಾಂಗೆ ಬಿಡ್ತಾರೆ ನೋಡಿ" ಎಂದರು. "ಹುಡುಗಿ ಅದು, ನನ್ನ ಮಗಳು" ಎಂದೆ. ಅವರು ಮತ್ತೆ ಬಿಣಗಾವರೆಗೆ ಮಾತಾಡಲಿಲ್ಲ.

ಚೀಟಿಯ ದುಡ್ಡು ಕೊಟ್ಟೆ. ಪೂರ್ತಿ ಗಾಡಿಗಲ್ಲ. ಮೊದಲು ಒಳ್ಳೆಯ ಹೆಲ್ಮೆಟ್ಟು, ಮೊಣಕೈ-ಹೆಗಲಿಗೆ ಗಟ್ಟಿ ಪದರವಿರುವ ಜಾಕೆಟ್ಟು, ಕೈಗವಸು, ಬೂಟು. ಆಮೇಲೆ ಗಾಡಿ. ಯಾರಾದರೂ ನಿಮ್ಮ ಮನೆಯಲ್ಲಿ ಈ ಗಾಡಿ ಕೇಳಿದರೆ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. ಇನ್ನೊಂದು ಲೆಕ್ಕ, ನಮ್ಮ ಮೆಕ್ಯಾನಿಕ್ ಹೇಳಿದ್ದು: "ವೈನಿ, ಸಾದಾ ಗಾಡಿ ನಿಂತಲ್ಲೇ ಮಗುಚಿದ್ರೆ ಲಿವರ್ ಬೆಂಡಾಗ್ತದೆ ಅಷ್ಟೇ. ಇದು ಮಗುಚಿದ್ರೆ ಹೊದಿಕೆಯೇ ಒಡೀತದೆ, ಸಾವಿರಗಟ್ಟಲೆ." ಪೆಟ್ರೋಲಿಗೆ ಅಂಥ ಖರ್ಚಿಲ್ಲ, ಲೀಟರಿಗೆ ನಲವತ್ತು ಕಿಲೋಮೀಟರಿನ ಮೇಲೆ ಕೊಡುತ್ತದೆ. ಮೊದಲ ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸಬೇಕಂತೆ. ಮಳೆಗಾಲದಲ್ಲಿ ಅಂಕೋಲೆಗೆ ಬಸ್ಸೇ ಎಂದು ನಾನು ಹಾಕಿದ ಷರತ್ತಿಗೆ ಅವಳು ಒಪ್ಪಿದ್ದಾಳೆ.

ಗಾಡಿ ತರಲು ಶೋರೂಮಿಗೆ ನಾನೂ ಹೋಗಿದ್ದೆ, ಸೀರೆಯುಟ್ಟು. ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಕೆಎ 30ರ ಹೊಸ ನಂಬರಿನ ಕಾಗದಕ್ಕೆ ಮಗಳು ಸಹಿ ಹಾಕುತ್ತಿದ್ದಾಗ ಅಲ್ಲಿಯ ಹುಡುಗ ಸ್ಪ್ಯಾನರ್ ಹಿಡಿದುಕೊಂಡು ಬಂದ. "ಮೇಡಂ, ಈ ಸೀರೆ ಗಾರ್ಡ್ ತೆಗೆದುಬಿಡ್ಲಾ? ಎಲ್ಲರೂ ತೆಗೆಸ್ತಾರೆ, ಗಾಡಿಯ ಲುಕ್ಕೇ ಹೋಗ್ತದೆ."

ಮಗಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ.

"ಇರ್ಲಿ ಬಿಡು" ಎಂದಳು ಅವನಿಗೆ. "ಅಜ್ಜಿಯನ್ನ ಒಂದ್ಸಲ ಕೂರಿಸ್ಬೇಕು."